‘ಅನುಮತಿಸಿ’ ಒತ್ತಿದ್ದು ಯಾರು?

ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಅರಿವು ಕೇಂದ್ರ, ಅಂದರೆ ಪಂಚಾಯಿತಿಯ ಗ್ರಂಥಾಲಯ. ಶನಿವಾರ ಮಧ್ಯಾಹ್ನ ಹೊಲದ ಕೆಲಸ, ಮನೆಯ ಊಟ ಎಲ್ಲ ಮುಗಿಸಿ ಏಳೆಂಟು ಹೆಂಗಸರು, ಒಂದಿಬ್ಬರು ವಯಸ್ಸಾದ ರೈತರು ಫೋನ್ ಹಿಡಿದು ಅಲ್ಲಿಗೆ ಬರುತ್ತಾರೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಫೋನಿನಲ್ಲಿ ಪಹಣಿ ನೋಡುವುದು, ಹಣ ಕಳಿಸುವುದು, ಮಕ್ಕಳ ಅಂಕಪಟ್ಟಿ ತೆಗೆಯುವುದು, ಇಂಥವನ್ನು ಹೇಳಿಕೊಡೋಣವೆಂದು ಅಲ್ಲಿ ಕುಳಿತೆ. ಒಂದು ಶನಿವಾರ ಸ್ತ್ರೀಶಕ್ತಿ ಸಂಘದ ಅಕ್ಕ ಒಬ್ಬರು ಪಾಠವನ್ನೇ ಬೇರೆ ಕಡೆಗೆ ತಿರುಗಿಸಿದರು.

“ಮೇಷ್ಟ್ರೆ, ಈ ಫೋನು ನಾವಾಡೋ ಮಾತೆಲ್ಲ ಕೇಳುಸ್ಕೊತಾ ಕುಂತದೆ ಕಣ್ರಿ. ಮೊನ್ನೆ ರಾತ್ರಿ ಮೇವು ಕತ್ತರ್ಸೋ ಮಿಷನ್ ತಗಳನ ಅಂತ ನಮ್ಮೆಜಮಾನ್ರು ನಾನೂ ಮಾತಾಡ್ತಿದ್ದೊ. ಬೆಳಿಗ್ಗೆ ಎದ್ದು ನೋಡುದ್ರೆ ಫೋನ್ ತುಂಬ ಅದೇ ಮಿಷನ್ದು ಜಾಹೀರಾತು!”

ಪಕ್ಕದವರು ಮಂಡಿನೋವಿನ ಎಣ್ಣೆಯ ಕಥೆ ಹೇಳಿದರು. ಇನ್ನೊಬ್ಬರು ಸೀರೆಯದು. ಎಲ್ಲರ ಮುಖದಲ್ಲೂ ಒಂದೇ ಗಾಬರಿ. ಆ ಗಾಬರಿಯನ್ನು ನಾನು ತಳ್ಳಿಹಾಕಲಿಲ್ಲ, ಏಕೆಂದರೆ ಅದು ಸರಿಯಾದ ಗಾಬರಿ. ಯಾರೋ ನಮ್ಮನ್ನು ಗಮನಿಸುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಾಗಿದೆ. ಹೇಗೆ ಗಮನಿಸುತ್ತಿದ್ದಾರೆ ಎಂಬುದು ಮಾತ್ರ ಗೊತ್ತಾಗಿಲ್ಲ.

ಕದ್ದಾಲಿಕೆ ಎಂಬ ಮಾತು ನಮಗೆ ಹೊಸದೇನಲ್ಲ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನವನ್ನೇ ಬಿಡಬೇಕಾಯಿತು. ಹಾಗಾಗಿ ಹಿಂಬಾಲಿಸುವುದು ಎಂದರೆ ಮಾತು ಕದಿಯುವುದು ಎಂದೇ ನಮ್ಮ ಮನಸ್ಸಿಗೆ ಮೊದಲು ತೋಚುತ್ತದೆ. ಆದರೆ ಫೋನ್ ನಮ್ಮ ಮಾತು ಕೇಳಿಸಿಕೊಂಡು ಜಾಹೀರಾತು ತೋರಿಸುತ್ತದೆ ಎಂಬುದಕ್ಕೆ ಇನ್ನೂ ಗಟ್ಟಿಯಾದ ಪುರಾವೆ ಸಿಕ್ಕಿಲ್ಲ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆಪ್‌ಗಳನ್ನು ಪರೀಕ್ಷೆ ಮಾಡಿ 2018ರಲ್ಲಿ ವರದಿ ಪ್ರಕಟಿಸಿದರು. ಗುಟ್ಟಾಗಿ ಮೈಕ್ ತೆರೆದು ಮಾತು ಕಳಿಸುವ ಆಪ್ ಅವರಿಗೆ ಒಂದೂ ಕಾಣಲಿಲ್ಲ. ಅವರಿಗೆ ಕಂಡದ್ದು ಬೇರೆ: ಕೆಲವು ಆಪ್‌ಗಳು ಬಳಸುವವರಿಗೆ ಹೇಳದೆ ಪರದೆಯ ಮೇಲೆ ನಡೆಯುವುದನ್ನು ವಿಡಿಯೊ ಮಾಡಿ ಮೂರನೆಯವರಿಗೆ ಕಳಿಸುತ್ತಿದ್ದವು. ಕಿವಿಯಲ್ಲ, ಕಣ್ಣು.

ಹಾಗಾದರೆ ಮೇವು ಕತ್ತರಿಸುವ ಯಂತ್ರ ಅಕ್ಕನ ಫೋನಿಗೆ ಬಂದದ್ದು ಹೇಗೆ? “ಫೋನ್ ಕೊಡಿ ಅಕ್ಕ” ಎನ್ನಲಿಲ್ಲ. ಫೋನ್ ಅವರ ಕೈಯಲ್ಲೇ ಇರಲಿ, ನಾನು ಹೇಳಿದ್ದನ್ನು ಅವರೇ ಒತ್ತಲಿ ಎಂಬುದು ನನ್ನ ಪಾಠದ ಕ್ರಮ. ಸೆಟ್ಟಿಂಗ್ಸ್ ತೆರೆಸಿದೆ, ಖಾತೆಗಳು ಎಂಬಲ್ಲಿಗೆ ಹೋದೆವು. ಅಲ್ಲಿ ಎರಡು ಜಿಮೇಲ್ ವಿಳಾಸ ಇದ್ದವು. ಒಂದು ಪಿಯುಸಿ ಓದುವ ಮಗನದು. ಅಪ್ಪ ಅಮ್ಮನ ಮಾತು ಕೇಳಿದ ಆ ಹುಡುಗ ಅದೇ ರಾತ್ರಿ ತನ್ನ ಫೋನಿನಲ್ಲಿ ಯಂತ್ರದ ರೇಟು ಹುಡುಕಿದ್ದ, ಎರಡು ವಿಡಿಯೊ ನೋಡಿದ್ದ. ಒಂದೇ ಖಾತೆ ಎರಡು ಫೋನಿನಲ್ಲಿದ್ದರೆ ಅದನ್ನು ನಡೆಸುವ ಕಂಪನಿಯ ಲೆಕ್ಕದಲ್ಲಿ ಅವರಿಬ್ಬರೂ ಒಬ್ಬರೇ. ಅವನು ಹುಡುಕಿದ್ದು ಇವರಿಗೆ ಕಂಡಿತು, ಅಷ್ಟೇ.

ಇನ್ನೊಂದು ವಿಳಾಸ ಯಾರದು ಎಂದು ಕೇಳಿದರೆ ಮನೆಯವರಿಗೆ ಯಾರಿಗೂ ಗೊತ್ತಿಲ್ಲ. ಕೊನೆಗೆ ನೆನಪಾಯಿತು. ಫೋನ್ ಕೊಂಡ ದಿನ ಅಂಗಡಿಯ ಹುಡುಗ “ಎಲ್ಲ ಸೆಟ್ ಮಾಡ್ಕೊಡ್ತೀನಿ ಕೊಡಕ್ಕ” ಎಂದು ಅರ್ಧ ಗಂಟೆ ಇಟ್ಟುಕೊಂಡು, ತಾನೇ ಒಂದು ಖಾತೆ ತೆರೆದು, ಬಂದ ಬಂದ ಪ್ರಶ್ನೆಗೆಲ್ಲ ‘ಅನುಮತಿಸಿ’, ‘ಒಪ್ಪಿದ್ದೇನೆ’ ಎಂದು ಒತ್ತಿ ಕೊಟ್ಟಿದ್ದ. ಆ ಖಾತೆಯ ಪಾಸ್‌ವರ್ಡ್ ಅವನಿಗೆ ಮಾತ್ರ ಗೊತ್ತು, ಅಥವಾ ಅವನಿಗೂ ಮರೆತಿರಬಹುದು. ಅಕ್ಕನ ಫೋಟೊಗಳು, ನಂಬರುಗಳು ಎರಡು ವರ್ಷದಿಂದ ಆ ಖಾತೆಗೆ ಹೋಗಿ ಕೂರುತ್ತಿದ್ದವು. ಆ ಹುಡುಗ ಕೆಟ್ಟವನು ಎಂದು ನಾನು ಹೇಳುವುದಿಲ್ಲ. ದಿನಕ್ಕೆ ಹತ್ತು ಜನಕ್ಕೆ ಹೀಗೆ ಉಪಕಾರ ಮಾಡುತ್ತಾನೆ. ಆದರೆ ಮನೆ ಕಟ್ಟಿದ ಮೇಸ್ತ್ರಿ ಬಾಗಿಲ ಬೀಗದ ಕೈಯನ್ನು ತನ್ನ ಹತ್ತಿರವೇ ಇಟ್ಟುಕೊಂಡು ಹೋದರೆ ನಾವು ಒಪ್ಪುತ್ತೇವೆಯೆ? ಅವತ್ತು ಬೇರೆ ಯಾವ ಪಾಠವೂ ಆಗಲಿಲ್ಲ. ಅವರದೇ ಹೆಸರಲ್ಲಿ, ಅವರದೇ ನಂಬರಿಗೆ ಹೊಸ ಖಾತೆ ತೆರೆದೆವು. ಫೋಟೊ, ನಂಬರುಗಳನ್ನು ಅದಕ್ಕೆ ಸಾಗಿಸಿ, ಹಳೆಯ ಎರಡನ್ನೂ ಫೋನಿನಿಂದ ತೆಗೆದೆವು. ಪಾಸ್‌ವರ್ಡನ್ನು ಅವರು ಅಕ್ಕಿ ಡಬ್ಬದ ಒಳಗಿಡುವ ಪುಸ್ತಕದಲ್ಲಿ ಬರೆದುಕೊಂಡರು. ಅದು ತಪ್ಪು ಎನ್ನುವ ತಂತ್ರಜ್ಞರಿದ್ದಾರೆ. ನಾನು ತಪ್ಪು ಎನ್ನುವುದಿಲ್ಲ. ಅಂಗಡಿಯವನ ತಲೆಯಲ್ಲಿರುವುದಕ್ಕಿಂತ ಮನೆಯ ಡಬ್ಬದಲ್ಲಿರುವುದು ಮೇಲು.

ಈಗ ಕಾಣದ ಹಿಂಬಾಲಿಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಬರೋಣ. ನಾನು ಇದನ್ನು ಸಂತೆಯ ಲೆಕ್ಕದಲ್ಲಿ ಹೇಳಿಕೊಡುತ್ತೇನೆ.

ನೀವು ಕೆ.ಆರ್. ಪೇಟೆ ಸಂತೆಗೆ ಹೋಗುತ್ತೀರಿ. ಅವರೆಕಾಯಿ ಮಾರುವವರು ನಿಮ್ಮ ಗುರುತು ಹಿಡಿದು “ಹೋದ ವಾರ ಎರಡು ಕೆಜಿ ತಗೊಂಡ್ರಲ್ಲ, ಚೆನ್ನಾಗಿತ್ತಾ?” ಎನ್ನುತ್ತಾರೆ. ಅದರಲ್ಲಿ ಭಯಪಡುವಂಥದ್ದೇನೂ ಇಲ್ಲ. ಅಂತರ್ಜಾಲದ ಪುಟಗಳಿಗೆ ಇಂಥ ನೆನಪು ಇರಲಿಲ್ಲ. ಪುಟ ದಾಟಿದರೆ ನೀವು ಹೊಸಬರು. ಈ ತೊಂದರೆ ನೀಗಲು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಎಂಬ ಎಂಜಿನಿಯರ್ ಒಂದು ಸಣ್ಣ ಚೀಟಿಯ ಉಪಾಯ ಮಾಡಿದರು. ಪುಟ ನಿಮ್ಮ ಬ್ರೌಸರಿನಲ್ಲಿ ಒಂದು ನಂಬರಿನ ಚೀಟಿ ಇಟ್ಟುಹೋಗುತ್ತದೆ, ಮತ್ತೆ ಬಂದಾಗ ಅದನ್ನು ನೋಡಿ ಗುರುತು ಹಿಡಿಯುತ್ತದೆ. ಇದೇ ಕುಕಿ. ಇದಿಲ್ಲದಿದ್ದರೆ ಪ್ರತಿ ಪುಟಕ್ಕೂ ಹೊಸದಾಗಿ ಲಾಗಿನ್ ಆಗಬೇಕಾಗುತ್ತಿತ್ತು.

ಮುಂದೆ ಆದದ್ದು ಹೀಗೆ. ಅದೇ ಸಂತೆಯಲ್ಲಿ ಪ್ರತಿ ಅಂಗಡಿಯ ಮೂಲೆಯಲ್ಲೂ ನಿಮಗೆ ಗೊತ್ತಿಲ್ಲದ ಒಬ್ಬ ಮನುಷ್ಯ ಪುಸ್ತಕ ಹಿಡಿದು ಕುಳಿತಿದ್ದಾನೆ ಎಂದುಕೊಳ್ಳಿ. ಎಲ್ಲ ಅಂಗಡಿಯಲ್ಲೂ ಒಂದೇ ಕಂಪನಿಯ ಆಳು. ಮೊದಲ ಅಂಗಡಿಯಲ್ಲೇ ನಿಮ್ಮ ಕೈಚೀಲದ ಹಿಂದೆ ಒಂದು ನಂಬರ್ ಅಂಟಿಸಿದ್ದಾನೆ. ತರಕಾರಿ ಕೊಂಡಾಗ ಬರೆದುಕೊಂಡ. ಔಷಧಿ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಕೇಳಿದಾಗ ಬರೆದುಕೊಂಡ. ಕೊಳ್ಳದೆ ಸುಮ್ಮನೆ ನೋಡಿ ಇಟ್ಟ ವಸ್ತುವನ್ನೂ, ಎಷ್ಟು ಹೊತ್ತು ನೋಡಿದಿರಿ ಎಂಬುದನ್ನೂ ಬರೆದುಕೊಂಡ. ಸಂಜೆ ಎಲ್ಲ ಅಂಗಡಿಯ ಪುಸ್ತಕಗಳನ್ನೂ ಒಟ್ಟಿಗಿಟ್ಟು ಆ ನಂಬರಿನ ಸಾಲುಗಳನ್ನು ಸೇರಿಸಿದರೆ ನಿಮ್ಮ ಮನೆಯ ಸ್ಥಿತಿ ಅವನ ಮುಂದೆ ಬಿಚ್ಚಿಕೊಳ್ಳುತ್ತದೆ. ಮೂರನೆಯವರ ಕುಕಿ ಎಂದರೆ ಇದು. ನೀವು ಸುದ್ದಿ ಓದುವ ಪುಟ, ಅಡುಗೆಯ ಪುಟ, ಕಾಯಿಲೆಯ ಬಗ್ಗೆ ಹುಡುಕಿದ ಪುಟ, ಮೂರೂ ಬೇರೆ ಬೇರೆಯವರವು. ಮೂರರಲ್ಲೂ ಒಂದೇ ಜಾಹೀರಾತು ಕಂಪನಿಯ ತುಣುಕು ಇರುತ್ತದೆ. ಕೆಲವು ಸಲ ಆ ತುಣುಕು ಒಂದೇ ಒಂದು ಚುಕ್ಕಿಯಷ್ಟು ಅಗಲದ, ಬಣ್ಣವಿಲ್ಲದ ಚಿತ್ರ. ಇಮೇಲಿನಲ್ಲೂ ಇಂಥ ಚುಕ್ಕಿ ಇಡುತ್ತಾರೆ. ನೀವು ಪತ್ರ ತೆರೆದ ಕ್ಷಣ ಕಳಿಸಿದವರಿಗೆ ಸುದ್ದಿ ಮುಟ್ಟುತ್ತದೆ.

ಬರೆದುಕೊಂಡು ಏನು ಮಾಡುತ್ತಾರೆ? ಮಂಡ್ಯ ಮಾರುಕಟ್ಟೆಯಲ್ಲಿ ಬೆಲ್ಲ ಹರಾಜು ಕೂಗುವುದನ್ನು ನಮ್ಮ ಕಡೆಯವರು ನೋಡಿರುತ್ತೀರಿ. ಬಣ್ಣ ನೋಡಿ, ಚೂರು ಮುರಿದು ನೋಡಿ, ಬೆಲೆ ಕಟ್ಟುತ್ತಾರೆ. ನೀವು ಒಂದು ಪುಟ ತೆರೆದಾಗ ಅದು ಪರದೆಯ ಮೇಲೆ ಮೂಡುವಷ್ಟರೊಳಗೆ, ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ, ನಿಮ್ಮ ಕಣ್ಣಿಗೆ ಬೀಳುವ ಆ ಖಾಲಿ ಜಾಗ ಹೀಗೇ ಹರಾಜಾಗುತ್ತದೆ. ಯಾವ ಊರಿನ ಕಡೆಯವರು, ಯಾವ ಫೋನು, ಇತ್ತೀಚೆಗೆ ಏನು ಹುಡುಕಿದರು ಎಂಬ ವಿವರ ಕೂಗುವವರ ಮುಂದೆ ಹೋಗುತ್ತದೆ. ಗೆದ್ದವನ ಜಾಹೀರಾತು ಬರುತ್ತದೆ. ಸೋತವರಿಗೂ ವಿವರ ಸಿಕ್ಕಿರುತ್ತದೆ, ಮತ್ತು ಅದನ್ನು ವಾಪಸ್ ತೆಗೆದುಕೊಳ್ಳುವ ದಾರಿ ನಮಗಿಲ್ಲ. ಹರಾಜಿನಲ್ಲಿ ನನಗೆ ತೀರಾ ತಪ್ಪು ಎನಿಸುವುದು ಇದೇ.

ಬ್ರೌಸರ್ ಬಿಟ್ಟು ಆಪ್‌ಗಳಿಗೆ ಬಂದರೆ ಚೀಟಿಯ ಜಾಗದಲ್ಲಿ ಜಾಹೀರಾತು ಐಡಿ ಎಂಬ ಉದ್ದನೆಯ ನಂಬರ್ ಇರುತ್ತದೆ. ಪ್ರತಿ ಆಂಡ್ರಾಯ್ಡ್ ಫೋನಿಗೂ ಒಂದು. ಪಂಚಾಂಗದ ಆಪ್, ಆಟದ ಆಪ್, ಟಾರ್ಚ್ ಆಪ್ ಎಲ್ಲಕ್ಕೂ ಇದೇ ನಂಬರ್ ಕಾಣುವುದರಿಂದ ಅವುಗಳ ಲೆಕ್ಕವನ್ನು ಸೇರಿಸುವುದು ಸುಲಭ. ಟಾರ್ಚ್ ಆಪ್ ಎಂದೆ. ಬಾಯಿಗೆ ಬಂದ ಉದಾಹರಣೆಯಲ್ಲ. 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ‘ಬ್ರೈಟೆಸ್ಟ್ ಫ್ಲಾಶ್‌ಲೈಟ್’ ಎಂಬ ಆಪ್ ಮಾಡಿದವರ ಮೇಲೆ ಕ್ರಮ ತೆಗೆದುಕೊಂಡಿತು. ಬೆಳಕು ಕೊಡುವುದಷ್ಟೇ ಅದರ ಕೆಲಸ, ಆದರೆ ಕೋಟಿಗಟ್ಟಲೆ ಜನ ಎಲ್ಲಿದ್ದಾರೆ ಎಂಬುದನ್ನು ಅದು ಜಾಹೀರಾತಿನವರಿಗೆ ಕಳಿಸುತ್ತಿತ್ತು.

ಎಲ್ಲಿದ್ದಾರೆ ಎಂಬುದರ ಹತ್ತಿರ ಸ್ವಲ್ಪ ನಿಲ್ಲಬೇಕು. ನನ್ನ ಮಟ್ಟಿಗೆ ಇದೇ ಅತ್ಯಂತ ಗಂಭೀರವಾದದ್ದು. ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಹೆಸರಿಲ್ಲದ ಒಬ್ಬರ ಒಂದು ದಿನ ಬರೆಯುತ್ತೇನೆ. ಕಲ್ಪನೆಯ ದಿನ, ಊರುಗಳು ಮಾತ್ರ ನಿಜ.

ಬೆಳಿಗ್ಗೆ 6, ಕಿಕ್ಕೇರಿಯ ಒಂದು ಮನೆ. 7, ಕೆ.ಆರ್. ಪೇಟೆ ಬಸ್ ನಿಲ್ದಾಣ. 10ರಿಂದ 1, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆಸ್ಪತ್ರೆ. ಮಧ್ಯಾಹ್ನ 3, ಪಾಂಡವಪುರದಲ್ಲಿ ಚಿನ್ನದ ಮೇಲೆ ಸಾಲ ಕೊಡುವ ಅಂಗಡಿ, ಮುಕ್ಕಾಲು ಗಂಟೆ. ಸಂಜೆ 5, ಶ್ರೀರಂಗಪಟ್ಟಣದ ನಿಮಿಷಾಂಬ ದೇವಸ್ಥಾನ. ರಾತ್ರಿ 9, ಮತ್ತೆ ಕಿಕ್ಕೇರಿಯ ಅದೇ ಮನೆ.

ಬರೆದು ಚಾಕ್‌ಪೀಸ್ ಕೆಳಗಿಟ್ಟು, ಇವರ ಬಗ್ಗೆ ಏನು ಹೇಳಬಹುದು ಎಂದು ಕೇಳುತ್ತೇನೆ. ಒಂದು ನಿಮಿಷ ಯಾರೂ ಮಾತಾಡುವುದಿಲ್ಲ. ಒಂದು ಸಲ ಹಿಂದೆ ಕುಳಿತ ಅಜ್ಜಿ ಒಬ್ಬರು ಮೆಲ್ಲಗೆ ಹೇಳಿದರು: “ಮನೇಲಿ ಯಾರ್ಗೋ ಸಿಕ್ಕಾಪಟ್ಟೆ ಹುಷಾರಿಲ್ಲ ಕಣಪ್ಪ. ದುಡ್ಡಿಲ್ಲ. ಒಡವೆ ಅಡ ಇಟ್ಟು ಅಮ್ಮನ್ತವ ಹರಕೆ ಹೊತ್ಕೊಂಡು ಬಂದವ್ರೆ.” ಆರು ಚುಕ್ಕಿಗಳಿಂದ ಅಜ್ಜಿ ಓದಿದ್ದನ್ನು ಕಂಪ್ಯೂಟರ್ ಕೋಟ್ಯಂತರ ಜನರ ಮೇಲೆ ಏಕಕಾಲಕ್ಕೆ ಓದುತ್ತದೆ. ಹೆಸರಿಲ್ಲವಲ್ಲ ಎನ್ನಬಹುದು. ಹೆಸರು ಬೇಕಾಗುವುದೇ ಇಲ್ಲ. ರಾತ್ರಿ ಫೋನ್ ಮಲಗುವ ಜಾಗ ಮನೆ, ಹಗಲು ಕೂರುವ ಜಾಗ ಕೆಲಸ. ಈ ಎರಡು ಗೊತ್ತಾದರೆ ಊರಿನವರಿಗೆ ಆಳು ಗೊತ್ತಾಯಿತು. 15 ಲಕ್ಷ ಜನರ 15 ತಿಂಗಳ ಮೊಬೈಲ್ ಓಡಾಟವನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆಯ ಪ್ರಕಾರ, ಎಲ್ಲಿ ಮತ್ತು ಯಾವಾಗ ಎಂಬ ನಾಲ್ಕೇ ನಾಲ್ಕು ಚುಕ್ಕಿ ಸಾಕು, ನೂರರಲ್ಲಿ 95 ಜನರನ್ನು ಉಳಿದೆಲ್ಲರಿಂದ ಬೇರೆ ಮಾಡಿ ಗುರುತಿಸಬಹುದು.

ಇಂಥ ಚುಕ್ಕಿಗಳು ಎಂಥ ಗುಟ್ಟನ್ನೂ ಬಯಲು ಮಾಡುತ್ತವೆ ಎಂಬುದು 2018ರ ಜನವರಿಯಲ್ಲಿ ಲೋಕಕ್ಕೆ ಗೊತ್ತಾಯಿತು. ಸ್ಟ್ರಾವಾ ಎಂಬ ವ್ಯಾಯಾಮದ ಆಪ್ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಹೆಸರಿಲ್ಲದೆ ಒಂದು ನಕಾಶೆಯಲ್ಲಿ ತೋರಿಸಿತ್ತು. ಮರುಭೂಮಿಯ ನಡುವೆ, ಏನೂ ಇಲ್ಲದ ಕಡೆ, ಬೆಳಕಿನ ಗೆರೆಗಳು ಕಂಡವು. ನೋಡಿದರೆ ಅವು ಅಮೆರಿಕದ ಸೇನಾ ನೆಲೆಗಳು. ಬೆಳಗಿನ ಓಟಕ್ಕೆ ಹೋದ ಸೈನಿಕರ ಕೈಗಡಿಯಾರಗಳು ಬರೆದ ಗೆರೆಗಳು.

ನಮ್ಮ ಈ ಸೀಮೆಗೆ ವಿವರ ಬರೆದುಕೊಳ್ಳುವವರು ಬಂದದ್ದು ಇದೇ ಮೊದಲಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿತ್ತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಪುಸ್ತಕ ಹಿಡಿದು ಬಂದ. ಶ್ರೀರಂಗಪಟ್ಟಣ, ಮೇಲುಕೋಟೆ ಹೀಗೆ ಊರೂರು ತಿರುಗಿ ಯಾವ ಬೆಳೆ, ಎಷ್ಟು ಕಂದಾಯ, ಯಾವ ಜಾತಿಯವರು ಏನು ಉಣ್ಣುತ್ತಾರೆ ಎಂದೆಲ್ಲ ಕೇಳಿ ಬರೆದುಕೊಂಡ. 1807ರಲ್ಲಿ ಅದು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನು ಗೆದ್ದವರ ಕಡೆಯವನು, ಉದ್ದೇಶವೂ ಗೆದ್ದವರದೇ. ಆದರೂ ಅವನು ರೈತನ ಎದುರಿಗೆ ನಿಂತು ಕೇಳಬೇಕಾಗಿತ್ತು. ರೈತ ಅವನ ಮುಖ ನೋಡಿ, ಎಷ್ಟು ಹೇಳಬೇಕೋ ಅಷ್ಟೇ ಹೇಳಬಹುದಿತ್ತು. ಗೊತ್ತಿಲ್ಲ ಸ್ವಾಮಿ ಎಂದು ಕೈ ಮುಗಿಯಬಹುದಿತ್ತು. ಫೋನಿನೊಳಗೆ ಕುಳಿತು ಬರೆದುಕೊಳ್ಳುವವನಿಗೆ ಮುಖವಿಲ್ಲ, ಹಾಗಾಗಿ ನಾವು ಸುಮ್ಮನಿರುವ ಅವಕಾಶವನ್ನೂ ಕಳೆದುಕೊಂಡೆವು.

ಸುಮ್ಮನಿರುವ ಆ ಹಕ್ಕನ್ನು ಕಾನೂನಿನಲ್ಲಿ ನಮಗೆ ತಂದುಕೊಟ್ಟವರಲ್ಲಿ ಮೊದಲ ಹೆಸರು ಒಬ್ಬ ಕನ್ನಡಿಗರದು. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಎದೆ ತುಂಬುತ್ತದೆ. ಕೆ.ಎಸ್. ಪುಟ್ಟಸ್ವಾಮಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರು, 1977ರಿಂದ 1986ರವರೆಗೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಖಾಸಗಿತನ ಎಂಬುದು ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. ಆ ವಾದಕ್ಕೆ ಆಧಾರವಾಗಿ ಹಳೆಯ ತೀರ್ಪುಗಳಿದ್ದವು. ಅದರಲ್ಲೊಂದು 1962ರದು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಮನೆಗೆ ಪೊಲೀಸರು ರಾತ್ರಿ ಹೊತ್ತು ಹೋಗಿ ಬಾಗಿಲು ತಟ್ಟುತ್ತಿದ್ದರು, ಅವನು ಎಲ್ಲಿ ಹೋದರೂ ಬೆನ್ನಿಗೆ ಬೀಳುತ್ತಿದ್ದರು. ರಾತ್ರಿ ಬಾಗಿಲು ತಟ್ಟುವುದು ತಪ್ಪು ಎಂದ ನ್ಯಾಯಾಲಯ, ಓಡಾಟದ ಮೇಲೆ ಕಣ್ಣಿಡುವುದರಿಂದ ಯಾವ ಮೂಲಭೂತ ಹಕ್ಕಿಗೂ ಧಕ್ಕೆಯಿಲ್ಲ ಎಂದುಬಿಟ್ಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಮಾತನ್ನು ತೆಗೆದುಹಾಕಿತು. ಬದುಕುವ ಹಕ್ಕನ್ನು ಹೇಳುವ ಸಂವಿಧಾನದ 21ನೇ ವಿಧಿಯೊಳಗೇ ಖಾಸಗಿತನವೂ ಇದೆ ಎಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಆ ತೀರ್ಪಿನ ಬಳಿಕ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಪೂರ್ತಿ ಜಾರಿಗೆ ಬರಲು 18 ತಿಂಗಳ ಗಡುವು ಕೊಟ್ಟಿದ್ದಾರೆ. ಸರ್ಕಾರಕ್ಕೆ ಅದರಲ್ಲಿ ಇಟ್ಟಿರುವ ವಿನಾಯಿತಿಗಳು ಅತಿಯಾದವು ಎಂಬುದು ನನ್ನ ಅಭಿಪ್ರಾಯ. ಆದರೂ ನಮ್ಮಂಥವರು ನೆನಪಿಡಬೇಕಾದ ಮೂರು ಮಾತು ಅದರಲ್ಲಿವೆ. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲಿ ಓದುವ ಅವಕಾಶ ಕೊಡಬೇಕು, ಏಕೆಂದರೆ ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಅದು ಸಿಗಬೇಕು ಎಂದಿದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭವಿರಬೇಕು. ಹದಿನೆಂಟು ತುಂಬದ ಮಕ್ಕಳನ್ನು ಹಿಂಬಾಲಿಸಿ ಅವರಿಗೆಂದೇ ಜಾಹೀರಾತು ತೋರಿಸುವಂತಿಲ್ಲ.

ಕಾನೂನು ಪೂರ್ತಿ ಜಾರಿಗೆ ಬರುವ ತನಕ ಕಾಯಬೇಕಿಲ್ಲ. ಹೆಚ್ಚಿನದು ನಮ್ಮ ಬೆರಳ ತುದಿಯಲ್ಲೇ ಇದೆ. ಸೆಟ್ಟಿಂಗ್ಸ್ ತೆರೆದು ಗೌಪ್ಯತೆ ಎಂಬಲ್ಲಿಗೆ ಹೋಗಿ. ಫೋನಿನಿಂದ ಫೋನಿಗೆ ಹೆಸರು ಸ್ವಲ್ಪ ಬದಲಾಗಬಹುದು, ಗಾಬರಿ ಬೇಡ. ಅಲ್ಲಿ ‘ಅನುಮತಿ’ ಎಂಬ ಪಟ್ಟಿ ಇದೆ. ಸ್ಥಳ ಎಂಬುದನ್ನು ಒತ್ತಿದರೆ ನೀವೆಲ್ಲಿದ್ದೀರಿ ಎಂದು ನೋಡುವ ಆಪ್‌ಗಳ ಹೆಸರು ಸಾಲಾಗಿ ಬರುತ್ತದೆ. ಮೇವಿನ ಯಂತ್ರದ ಆ ಅಕ್ಕನ ಫೋನಿನಲ್ಲಿ ‘ಯಾವಾಗಲೂ’ ಎಂಬುದರ ಕೆಳಗೆ ಒಂಬತ್ತು ಹೆಸರಿದ್ದವು: ಒಂದು ಲೂಡೋ ಆಟ, ಫೋಟೊಗೆ ಹೂವು ಅಂಟಿಸುವ ಒಂದು ಆಪ್, ಅವರು ಯಾವತ್ತೂ ತೆರೆಯದ ಎರಡು ಶಾಪಿಂಗ್ ಆಪ್, ಹೀಗೆ. ದಾರಿ ತೋರಿಸುವ ನಕಾಶೆಗೆ ಸ್ಥಳ ಬೇಕು, ಸರಿ. ಅದಕ್ಕೂ ‘ಆಪ್ ಬಳಸುವಾಗ ಮಾತ್ರ’ ಸಾಕು. ಲೂಡೋಗೆ ಏಕೆ? ಒಂದೊಂದೇ ಒತ್ತಿ ‘ಅನುಮತಿಸಬೇಡಿ’ ಎಂದು ಅವರೇ ಮಾಡಿದರು. ಮೈಕ್, ಕ್ಯಾಮೆರಾ, ಸಂಪರ್ಕಗಳು, ಎಸ್‌ಎಂಎಸ್ ಎಂಬ ಪಟ್ಟಿಗಳೂ ಹಾಗೇ. ಅದೇ ಗೌಪ್ಯತೆಯೊಳಗೆ ಜಾಹೀರಾತುಗಳು ಎಂಬಲ್ಲಿ ‘ಜಾಹೀರಾತು ಐಡಿ ಅಳಿಸಿ’ ಎಂದಿರುತ್ತದೆ. ಅಳಿಸಿದರೆ ಕೈಚೀಲದ ಹಿಂದಿನ ಆ ನಂಬರ್ ಹೋಯಿತು. ಫೋನಿಗೆ ಏನೂ ಆಗುವುದಿಲ್ಲ. ಬ್ರೌಸರಿನ ಸೆಟ್ಟಿಂಗಿನಲ್ಲಿ ಮೂರನೆಯವರ ಕುಕಿಗಳನ್ನು ತಡೆಯಿರಿ. ಫೈರ್‌ಫಾಕ್ಸ್ 2019ರಿಂದ, ಸಫಾರಿ 2020ರಿಂದ ತಾವಾಗಿಯೇ ಈ ಹಿಂಬಾಲಿಕೆಗೆ ತಡೆ ಹಾಕುತ್ತಿವೆ. ಕ್ರೋಮ್‌ನಲ್ಲಿ ತೆಗೆಯುತ್ತೇವೆ ಎಂದು 2020ರಲ್ಲಿ ಹೇಳಿದ ಗೂಗಲ್ 2024ರಲ್ಲಿ ಆ ಯೋಚನೆ ಬಿಟ್ಟಿತು, ಆದ್ದರಿಂದ ಅಲ್ಲಿ ನಾವೇ ತಡೆಯಬೇಕು. ಇನ್‌ಕಾಗ್ನಿಟೊ ಎಂಬ ಕಪ್ಪು ಪುಟ ನಿಮ್ಮ ಮನೆಯವರಿಗೆ ನಿಮ್ಮ ಹುಡುಕಾಟ ಕಾಣದಂತೆ ಮಾಡುತ್ತದೆ, ಹೊರಗಿನವರಿಗಲ್ಲ. ಗುರುತು ಮರೆಸುತ್ತೇವೆ ಎನ್ನುವ ಪುಕ್ಕಟೆ ವಿಪಿಎನ್ ಆಪ್‌ಗಳನ್ನು ನಾನು ಯಾರಿಗೂ ಹಾಕಿಕೊಡುವುದಿಲ್ಲ. ಅಂತರ್ಜಾಲದಲ್ಲಿ ನಿಮ್ಮ ಅಷ್ಟೂ ಓಡಾಟ ಅವನ್ನು ನಡೆಸುವವರ ಕೈಯ ಮೂಲಕವೇ ಹೋಗುತ್ತದೆ.

ಸಂಪರ್ಕಗಳ ಅನುಮತಿಯ ಬಗ್ಗೆ ಇನ್ನೊಂದು ಮಾತು. ಪಕ್ಕದೂರಿನ ಹುಡುಗನೊಬ್ಬ ಮೊಬೈಲ್ ಸಾಲದ ಆಪ್ ಒಂದರಿಂದ ಕೆಲವು ಸಾವಿರ ತೆಗೆದುಕೊಂಡ. ಕಂತು ನಾಲ್ಕು ದಿನ ತಡವಾದದ್ದಕ್ಕೆ ಅವನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ, ಸೋದರಮಾವನಿಗೆ, ಹೆಣ್ಣು ನೋಡಿ ಬಂದಿದ್ದ ಮನೆಯವರಿಗೆ, ಅವನು ಕಳ್ಳ ಎಂಬ ಸಂದೇಶ ಹೋಯಿತು. ಸಾಲ ಪಡೆಯುವ ಮೊದಲ ನಿಮಿಷದಲ್ಲೇ ಅವನು ‘ಸಂಪರ್ಕಗಳು: ಅನುಮತಿಸಿ’ ಒತ್ತಿದ್ದ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸಾಲದ ಆಪ್ ನಿಮ್ಮ ನಂಬರುಗಳ ಪಟ್ಟಿ, ಕರೆಗಳ ಪಟ್ಟಿ, ಫೋಟೊಗಳನ್ನು ಮುಟ್ಟುವಂತಿಲ್ಲ. ಕೇಳಿದರೆ ಅದು ನೆಟ್ಟಗಿನ ಸಾಲದವರದಲ್ಲ ಎಂದು ತಿಳಿಯಿರಿ. ಇದರಲ್ಲಿ ಇನ್ನೊಂದು ನೋವಿದೆ: ನಾನು ಒತ್ತಿದ ಒಂದು ಅನುಮತಿಯಿಂದ ನನ್ನನ್ನು ನಂಬಿ ನಂಬರ್ ಕೊಟ್ಟ ಇನ್ನೂರು ಜನರ ಗುಟ್ಟೂ ಹೋಯಿತು. ವಾಟ್ಸ್‌ಆಪಿನಲ್ಲಿ ಮದುವೆ ಕರೆಯೋಲೆ, ಪಿಎಂ ಕಿಸಾನ್ ಎಂಬ ಹೆಸರಿನಲ್ಲಿ ಬರುವ, ಕೊನೆಯಲ್ಲಿ ಎಪಿಕೆ ಎಂದಿರುವ ಕಡತಗಳೂ ಇದೇ ದಾರಿಯವು. ಅವು ಎಸ್‌ಎಂಎಸ್ ಓದಿ ಒಟಿಪಿ ಕದಿಯುತ್ತವೆ, ಏಕೆಂದರೆ ಎಪಿಕೆ ಒತ್ತಿದರೆ ಫೋನಿನೊಳಗೆ ಒಂದು ಆಪ್ ಬಂದು ಕೂರುತ್ತದೆ. ಕರೆಯೋಲೆ ಫೋಟೊ ಅಥವಾ ಪಿಡಿಎಫ್ ಆಗಿರುತ್ತದೆ, ಎಪಿಕೆ ಆಗಿರುವುದಿಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹಿಂಬಾಲಿಸುವವರು ಯಾವಾಗಲೂ ದೂರದವರೇ ಅಲ್ಲ. ಒಮ್ಮೆ ತರಗತಿ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಹಿಂದೆ ಉಳಿದು, ತಾನು ತವರಿಗೆ ಮಾಡುವ ಮೆಸೇಜೆಲ್ಲ ಮನೆಯಲ್ಲಿ ಗೊತ್ತಾಗುತ್ತದೆ ಎಂದಳು. ವಾಟ್ಸ್‌ಆಪಿನಲ್ಲಿ ‘ಲಿಂಕ್ ಮಾಡಲಾದ ಸಾಧನಗಳು’ ಎಂಬುದನ್ನು ತೆರೆಸಿದೆ. ಅವಳಿಗೆ ಗೊತ್ತೇ ಇಲ್ಲದ ಒಂದು ಕಂಪ್ಯೂಟರ್ ಅಲ್ಲಿ ಸೇರಿಕೊಂಡಿತ್ತು. ಆದರೆ ತೆಗೆಯುವ ಮೊದಲು ಅವಳನ್ನೇ ಕೇಳಿದೆ, ತೆಗೆದರೆ ಮನೆಯಲ್ಲಿ ಏನಾಗುತ್ತದಮ್ಮ ಎಂದು. ಕೆಲವರಿಗೆ ಬೀಗ ಹಾಕುವ ಮೊದಲು ಜೊತೆಗೆ ನಿಲ್ಲುವ ಒಬ್ಬರು ಬೇಕಾಗುತ್ತದೆ. ಹೆಂಗಸರ ಸಹಾಯವಾಣಿ 181 ಎಂದು ಬರೆದುಕೊಟ್ಟೆ. ತೆಗೆಯುವ ನಿರ್ಧಾರ ಅವಳದು.

ಕೊನೆಯದಾಗಿ ಹೆಬ್ಬೆರಳು. 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಯಿಂದ ಒಟಿಪಿ ಬಾರದೆ ಹಣ ಹೋದ ದೂರುಗಳು ಬಂದವು. ಆಧಾರ್ ಮೂಲಕ ಹಣ ಕೊಡುವ ವ್ಯವಸ್ಥೆಗೆ ಬೆರಳಚ್ಚು ಸಾಕು, ಆ ಬೆರಳಚ್ಚಿನ ನಕಲು ನೋಂದಣಿ ಪತ್ರಗಳಿಂದ ಹೋಗಿದೆ ಎಂಬ ಅನುಮಾನ ಎದ್ದಿತು. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಬೆರಳನ್ನು ಬದಲಿಸುವುದಕ್ಕಾಗುವುದಿಲ್ಲ. ಆಧಾರ್‌ನ ಅಧಿಕೃತ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ಅಕ್ಕಿ ತರುವವರು ಅವತ್ತು ಸ್ವಲ್ಪ ಹೊತ್ತು ತೆರೆದು, ಆಮೇಲೆ ಮುಚ್ಚಿಕೊಳ್ಳಬಹುದು. ಜೆರಾಕ್ಸ್ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನೇ ಕೊಡಿ. ಆಧಾರ್ ಜಾಲತಾಣದಲ್ಲಿ ಅದು ಸಿಗುತ್ತದೆ.

ಇದನ್ನು ಓದುತ್ತಿರುವ ಹುಡುಗ ಹುಡುಗಿಯರೇ, ನಿಮ್ಮ ಅಮ್ಮನ, ಅಜ್ಜಿಯ ಫೋನಿನಲ್ಲಿ ‘ಅನುಮತಿಸಿ’ ಒತ್ತಿದವರು ಬಹುಮಟ್ಟಿಗೆ ನೀವೇ. ಈ ಭಾನುವಾರ ಅವರ ಪಕ್ಕ ಅರ್ಧ ಗಂಟೆ ಕುಳಿತುಕೊಳ್ಳಿ. ಒಂದೊಂದು ಅನುಮತಿಯನ್ನೂ ಓದಿ ಹೇಳಿ, ಬೇಕೋ ಬೇಡವೋ ಎಂದು ಅವರನ್ನು ಕೇಳಿ. ಫೋನ್ ಅವರ ಕೈಯಲ್ಲೇ ಇರಲಿ.